ನರ್ಸರಿಗೆ ಸೇರಿಸುವ ಮುನ್ನ ಅರ್ಧ ಗಂಟೆ ಅಲ್ಲಿ ಕೂತು ಬನ್ನಿ

ಮಗುವಿಗೆ ಮೂರು ತುಂಬುವ ಹೊತ್ತಿಗೆ ಮನೆಯಲ್ಲಿ ನರ್ಸರಿಯ ಮಾತು ಶುರುವಾಗುತ್ತದೆ. ಬೆಂಗಳೂರಿನಲ್ಲಾದರೆ ಮುಂದಿನ ಜೂನ್‌ನ ಸೀಟಿಗೆ ಹಿಂದಿನ ದೀಪಾವಳಿಯ ಹೊತ್ತಿಗೇ ಅರ್ಜಿ ಹಾಕುವವರಿದ್ದಾರೆ. ಯಾವ ಸಿಲಬಸ್ಸು, ಎಸಿ ಇದೆಯಾ, ಸಿಸಿಟಿವಿ ಇದೆಯಾ, ಎಷ್ಟು ದಿನಕ್ಕೆ ಇಂಗ್ಲಿಷ್ ಮಾತಾಡುತ್ತೆ? ಪೋಷಕರು ನನ್ನನ್ನು ಹೆಚ್ಚಾಗಿ ಕೇಳುವುದು ಇವನ್ನೇ. ಇವಕ್ಕೆಲ್ಲ ಶಾಲೆಯ ಕರಪತ್ರದಲ್ಲೇ ಉತ್ತರ ಸಿಗುತ್ತದೆ. ಅದರಲ್ಲಿ ಸಿಗದ ಒಂದು ಸಂಗತಿ ಉಳಿದೆಲ್ಲಕ್ಕಿಂತ ಮುಖ್ಯ: ಬೆಳಗಿನಿಂದ ಮಗುವಿನ ಜೊತೆಗಿರುವ ದೊಡ್ಡವರು ಅದರ ಮಾತಿಗೆ ಹೇಗೆ ಓಗೊಡುತ್ತಾರೆ?

ಒಂದು ಮಗು ನೆಲ ತೋರಿಸಿ "ಮಿಸ್, ಇರುವೆ!" ಅನ್ನುತ್ತದೆ ಅಂದುಕೊಳ್ಳಿ. "ಜಾಗದಲ್ಲಿ ಕೂತ್ಕೋ" ಅಂದರೆ ಮಾತು ಅಲ್ಲಿಗೆ ಮುಗಿಯಿತು. ಮಿಸ್ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು "ಹೌದಲ್ಲ! ಬಾಯಲ್ಲಿ ಏನೋ ಹಿಡ್ಕೊಂಡಿದೆ, ಏನದು?" ಎಂದು ಕೇಳಿದರೆ ಮಗು ಬಗ್ಗಿ ನೋಡುತ್ತದೆ, ಯೋಚಿಸುತ್ತದೆ, "ಸಕ್ಕರೆ" ಅನ್ನುತ್ತದೆ. ಎಲ್ಲಿಂದ ತಂತು, ಎಲ್ಲಿಗೆ ಒಯ್ಯುತ್ತಿದೆ ಎಂದು ಮಾತು ಬೆಳೆಯುತ್ತದೆ, ಇನ್ನೆರಡು ಮಕ್ಕಳು ಬಂದು ಸೇರಿಕೊಳ್ಳುತ್ತವೆ. ಗಮನವಿಟ್ಟು ನೋಡುವುದು, ಕಾರಣ ಊಹಿಸುವುದು, ವಾಕ್ಯ ಕಟ್ಟುವುದು, ಇನ್ನೊಬ್ಬರ ಮಾತಿಗೆ ಕಾಯುವುದು ಎಲ್ಲವೂ ಆ ಎರಡು ನಿಮಿಷದಲ್ಲಿ ನಡೆದಿವೆ. ಮೂರು ನಾಲ್ಕು ವರ್ಷದ ಮಕ್ಕಳು ಹೆಚ್ಚು ಕಲಿಯುವುದು ಹೀಗೆಯೇ. ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ, ಪುರುಸೊತ್ತಿರುವ, ಮಕ್ಕಳನ್ನು ಬಲ್ಲ ಒಬ್ಬ ದೊಡ್ಡವರು ಬೇಕು.

ಹಾಗಾಗಿ ಶಾಲೆ ನೋಡಲು ಹೋಗುವುದಾದರೆ ಮಕ್ಕಳು ಇರುವ ಹೊತ್ತಿಗೇ ಹೋಗಿ. ಖಾಲಿ ತರಗತಿ ಎಲ್ಲ ಕಡೆಯೂ ಚೆಂದವೇ. ಒಂದು ಮೂಲೆಯಲ್ಲೋ ಕಿಟಕಿಯ ಬಳಿಯೋ ಅರ್ಧ ಗಂಟೆ ಕೂರುತ್ತೇನೆ ಎಂದು ಕೇಳಿ. ದಿನ, ಸಮಯ ಗೊತ್ತುಮಾಡಿದರೆ ಅದು ಸರಿಯೇ. ಯಾವತ್ತೂ ಗೇಟಿನಿಂದ ಒಳಗೆ ಬಿಡುವುದೇ ಇಲ್ಲ ಎನ್ನುವ ಕಡೆ ಮಾತ್ರ ಮತ್ತೊಮ್ಮೆ ಯೋಚಿಸಿ. ಕೂತಾಗ ಗೋಡೆಯ ಚಿತ್ರಗಳನ್ನು ಬಿಟ್ಟು ದನಿಗಳ ಕಡೆ ಕಿವಿಕೊಡಿ. ಮಿಸ್ ಆಡುವ ಮಾತಿನಲ್ಲಿ ಅಪ್ಪಣೆ ಎಷ್ಟು, ಮಾತುಕತೆ ಎಷ್ಟು? ಮಕ್ಕಳ ಹೆಸರು ಹಿಡಿದು ಕರೆಯುತ್ತಾರಾ? ಒಂದೇ ಆಟಿಕೆಗೆ ಇಬ್ಬರು ಜಗಳವಾಡಿದಾಗ ಕಿತ್ತುಕೊಂಡು ಎತ್ತಿಡುತ್ತಾರಾ, ಇಬ್ಬರನ್ನೂ ಕೂರಿಸಿ ದಾರಿ ಹುಡುಕುತ್ತಾರಾ? ಅಳುವ ಮಗುವನ್ನು ಯಾರಾದರೂ ಎತ್ತಿಕೊಳ್ಳುತ್ತಾರಾ? ಮೂವತ್ತು ಪುಟಾಣಿಗಳು ಕೈಕಟ್ಟಿ ಸದ್ದಿಲ್ಲದೆ ಕೂತಿದ್ದರೆ ಶಿಸ್ತು ಎಂದು ಮೆಚ್ಚಬೇಡಿ. ಆ ವಯಸ್ಸಿನವರು ಆರೋಗ್ಯವಾಗಿರುವ ಕೋಣೆಯಲ್ಲಿ ಗುಜುಗುಜು ಇದ್ದೇ ಇರುತ್ತದೆ.

ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು ಎಂಬುದರ ಮೇಲೆ ಇದೆಲ್ಲ ನಿಂತಿದೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರರ ಒಳಗಿನ 10 ಮಕ್ಕಳಿಗೆ ಒಬ್ಬರು ಎಂದು ಹೇಳಿದೆ. ಖಾಸಗಿ ಪ್ಲೇಸ್ಕೂಲುಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಕೊಟ್ಟ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಜೊತೆಗೆ ಒಬ್ಬ ಆಯಾ. ಇದು ಗರಿಷ್ಠ ಮಿತಿ ಎಂದೇ ತಿಳಿಯಿರಿ. ಇಂಗ್ಲೆಂಡಿನ ನರ್ಸರಿಗಳಲ್ಲಿ ಮೂರು ದಾಟಿದ ಎಂಟು ಮಕ್ಕಳಿಗೆ ಒಬ್ಬರು, ಅರ್ಹತೆ ಪಡೆದ ಶಿಕ್ಷಕರೇ ಜೊತೆಗಿದ್ದರೆ ಹದಿಮೂರು ಮಕ್ಕಳಿಗೆ ಒಬ್ಬರು ಇರುತ್ತಾರೆ. ಇಲ್ಲಿ ನೀವು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಮಿಸ್ ರಜೆ ಹಾಕಿದ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಹೋದ ವರ್ಷ ಇದ್ದ ಮಿಸ್ ಈ ವರ್ಷವೂ ಇದ್ದಾರಾ ಎಂದೂ ವಿಚಾರಿಸಿ. ಲಕ್ಷಗಟ್ಟಲೆ ಫೀಸು ಪಡೆದು ಶಿಕ್ಷಕಿಯರಿಗೆ ಪುಡಿಗಾಸು ಕೊಡುವ ಕಡೆ ಯಾರೂ ನಿಲ್ಲುವುದಿಲ್ಲ. ಪುಟ್ಟ ಮಗುವಿಗೆ ವರ್ಷದ ನಡುವೆ ಒಬ್ಬ ಮಿಸ್ ಮಾಯವಾಗುವುದು ಸಣ್ಣ ನಷ್ಟವೇನಲ್ಲ. ಆಯಾ ಅವರನ್ನೂ ಕಂಡು ಮಾತಾಡಿಸಿ, ಹೆಸರು ಕೇಳಿಕೊಳ್ಳಿ. ನಿಮ್ಮ ಮಗುವಿಗೆ ತೊಳೆಯುವವರು, ಚಡ್ಡಿ ಬದಲಿಸುವವರು, ತಿನ್ನಿಸುವವರು ಬಹಳ ಕಡೆ ಅವರೇ. ಅವರ ಪೊಲೀಸ್ ಪರಿಶೀಲನೆ ಆಗಿದೆಯಾ, ಅವರಿಗೆ ಏನಾದರೂ ತರಬೇತಿ ಸಿಕ್ಕಿದೆಯಾ ಎಂದು ಕೇಳಲು ಸಂಕೋಚ ಬೇಡ.

ಶೌಚಾಲಯ ನೋಡದೆ ಬರಬೇಡಿ. ಮಗುವಿನ ಕಾಲು ನೆಲಕ್ಕೆ ತಾಗುವಷ್ಟು ತಗ್ಗಿನ ಕಮೋಡು, ಕೈಗೆಟುಕುವ ನಲ್ಲಿ, ಒಣಗಿದ ನೆಲ, ಒಳಗಿನಿಂದ ಸಿಕ್ಕಿಕೊಳ್ಳದ ಬಾಗಿಲು ಇರಬೇಕು. ಇವಕ್ಕಿಂತ ಮುಖ್ಯವಾದದ್ದು, ಬಂದಾಗ ಹೋಗಬಹುದಾ ಅಥವಾ ಬೆಲ್ ಹೊಡೆದ ಮೇಲೆ ಸಾಲಾಗಿ ಮಾತ್ರವಾ ಎಂಬುದು. ಬಟ್ಟೆ ಒದ್ದೆ ಮಾಡಿಕೊಂಡ ಮಗುವಿನ ಎದುರು ಯಾರಾದರೂ ಮೂಗು ಮುರಿದರೆ, ಆ ಮಗು ಮರುದಿನದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು.

ಇನ್ನು ಬರವಣಿಗೆ. ಎಲ್‌ಕೆಜಿಗೆ ಬರುವ ಮೊದಲೇ ಇಂಗ್ಲಿಷ್ ಅಕ್ಷರಮಾಲೆಯನ್ನೆಲ್ಲ ಬರೆಸುತ್ತೇವೆ ಎನ್ನುವುದು ಅನೇಕ ಶಾಲೆಗಳ ಹೆಮ್ಮೆ. ಮೂರು ವರ್ಷದ ಮಗುವಿನ ಮಣಿಕಟ್ಟಿನಲ್ಲಿ ಮುಂದೆ ಎಂಟು ಪುಟ್ಟ ಮೂಳೆಗಳಾಗಬೇಕಾದವುಗಳಲ್ಲಿ ಹೆಚ್ಚಿನವು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಬೆರಳುಗಳಿಗೆ ಪೆನ್ಸಿಲ್ ಹಿಡಿತ ಬರುವ ಮೊದಲು ಬೇರೆ ಬೇಕಾದಷ್ಟು ಕೆಲಸಗಳಿವೆ: ಅವರೆಕಾಯಿ ಸುಲಿಯುವುದು, ಹಿಟ್ಟು ಮಿದ್ದಿ ಉಂಡೆ ಮಾಡುವುದು, ಮಣಿ ಪೋಣಿಸುವುದು, ಚೊಂಬಿನಿಂದ ಲೋಟಕ್ಕೆ ಚೆಲ್ಲದಂತೆ ನೀರು ಬಗ್ಗಿಸುವುದು, ಕಾಗದ ಹರಿಯುವುದು. ಇವನ್ನು ಮಾಡಿಸುವ ನರ್ಸರಿ ಸಮಯ ಹಾಳು ಮಾಡುತ್ತಿಲ್ಲ, ಬರವಣಿಗೆಗೇ ಕೈ ಹದಗೊಳಿಸುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವಾಗಿ ಎಣಿಸಿ ಆಟದ ಮೂಲಕ ಕಲಿಕೆ ಎಂದು ಹೇಳಿರುವುದರ ಹಿಂದೆ ಇಂಥ ತಿಳಿವಳಿಕೆಯೇ ಇದೆ. ನರ್ಸರಿಯಿಂದಲೇ ಹೋಮ್‌ವರ್ಕ್ ಕೇಳುವ ಪೋಷಕರಿಗೆ ನನ್ನ ಬೇಡಿಕೆ ಒಂದೇ: ದಯವಿಟ್ಟು ಕೇಳಬೇಡಿ. ನೀವು ಕೇಳುವುದರಿಂದಲೇ ಅವರು ಕೊಡುತ್ತಾರೆ.

ಭಾಷೆಯ ವಿಷಯದಲ್ಲಿ ನನಗೆ ಆತಂಕವಿದೆ. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಕೇಳಿ ಬೆಳೆದ, ಆಗಷ್ಟೇ ಉದ್ದ ಉದ್ದ ವಾಕ್ಯ ಆಡಲು ಕಲಿತ ಮಗು, ಬರೀ ಇಂಗ್ಲಿಷ್ ನಡೆಯುವ ಕೋಣೆಗೆ ಹೋದೊಡನೆ ಮೂಕವಾಗುತ್ತದೆ. ಹೊಟ್ಟೆನೋವು ಅನ್ನಲೂ ಅದಕ್ಕೆ ಮಾತಿಲ್ಲ. ಇಂಗ್ಲಿಷ್ ಬರಲಿ. ಹಾಡು, ಕತೆ, ಆಟದಲ್ಲಿ ಅದು ಸರಾಗವಾಗಿ ಬರುತ್ತದೆ. ಆದರೆ ಮಗು ತನ್ನ ಮಾತಿನಲ್ಲಿ ಕೇಳಿದ್ದಕ್ಕೆ ಅದೇ ಮಾತಿನಲ್ಲಿ ಉತ್ತರ ಕೊಡುವವರು ಒಬ್ಬರಾದರೂ ಅಲ್ಲಿರಬೇಕು. ಕನ್ನಡ ಆಡಿದರೆ ಗದರುವ, ದಂಡ ಹಾಕುವ ಶಾಲೆ ಎಷ್ಟೇ ಹೆಸರುವಾಸಿಯಾಗಿರಲಿ, ಎದ್ದು ಬನ್ನಿ.

ಹೊರಗೆ ಆಡಲು ಜಾಗವಿದೆಯಾ ನೋಡಿ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಮೂರು ಗಂಟೆ ಚಟುವಟಿಕೆ, ಅದರಲ್ಲಿ ಒಂದು ಗಂಟೆ ಮೈ ಬೆವರುವಂಥದ್ದು ಬೇಕು, ಸ್ಕ್ರೀನು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದೊಡ್ಡ ಪರದೆಯಲ್ಲಿ ರೈಮ್ಸ್ ಹಾಕಿ ಕೂರಿಸುವ ನರ್ಸರಿಯಲ್ಲಿ ಆ ಲೆಕ್ಕ ಬೆಳಿಗ್ಗೆಯೇ ತುಂಬಿಹೋಗುತ್ತದೆ. ದೊಡ್ಡ ಮೈದಾನವೇ ಆಗಬೇಕಿಲ್ಲ. ಒಂದು ಮರ, ಒಂದಿಷ್ಟು ಮರಳು, ನೀರಿನ ಬೋಗುಣಿ ಇದ್ದರೂ ಸಾಕು.

ಬೋರ್ಡಿನ ಮೇಲಿನ ‘ಮಾಂಟೆಸರಿ’ ಎಂಬ ಹೆಸರನ್ನು ಯಾರು ಬೇಕಾದರೂ ಬರೆಸಬಹುದು. ನಿಜವಾದ ಮಾಂಟೆಸರಿ ಮನೆಯಲ್ಲಿ ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತಿರುತ್ತಾರೆ, ತಮ್ಮ ಕೆಲಸವನ್ನು ತಾವೇ ಆರಿಸಿಕೊಂಡು ಹೊತ್ತುಹೊತ್ತು ಅದರಲ್ಲೇ ಮುಳುಗಿರುತ್ತಾರೆ. ವಯಸ್ಸಿಗೊಂದು ತರಗತಿ, ಅರ್ಧ ಗಂಟೆಗೊಂದು ಪೀರಿಯಡ್ ಇದ್ದರೆ ಅಲ್ಲಿರುವುದು ಹೆಸರು ಮಾತ್ರ.

ನಿಮ್ಮ ಬೀದಿಯ ಅಂಗನವಾಡಿಯನ್ನೂ ಹೀಗೆಯೇ ಹೋಗಿ ನೋಡಿ. 1975ರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ನಮ್ಮ ರಾಜ್ಯಕ್ಕೆ ಕಾಲಿಟ್ಟಿತು. ಊಟ, ಹಾಲು, ಮೊಟ್ಟೆ, ತಿಂಗಳು ತಿಂಗಳು ತೂಕ ನೋಡುವ ಕ್ರಮ, ಮಗುವಿನ ಮನೆಮಾತು ಬಲ್ಲ ಕಾರ್ಯಕರ್ತೆ ಅಲ್ಲಿ ಸಿಗುತ್ತಾರೆ. ಅವರ ಹೊತ್ತನ್ನೆಲ್ಲ ಸರ್ವೆ, ರಿಜಿಸ್ಟರುಗಳು ತಿಂದುಹಾಕದೆ ಮಕ್ಕಳ ಜೊತೆ ಕೂರಲು ಬಿಟ್ಟಿರುವ ಕಡೆ, ಫೀಸಿಲ್ಲದ ಆ ಕೋಣೆ ಎಷ್ಟೋ ಖಾಸಗಿ ನರ್ಸರಿಗಿಂತ ಮೇಲು.

ಸೇರಿಸಿದ ಮೇಲೆ ಮೊದಲ ವಾರಗಳಲ್ಲಿ ಮಗು ಅಳುವುದು ಸಹಜ. ಒಂದೆರಡು ದಿನ ನಿಮ್ಮನ್ನೂ ಒಳಗೆ ಕೂರಿಸಿಕೊಂಡು, ಮೆಲ್ಲಗೆ ಹೊತ್ತು ಹೆಚ್ಚಿಸುವ ಶಾಲೆಗೆ ಮಕ್ಕಳ ಮನಸ್ಸು ಗೊತ್ತಿದೆ. ಕಣ್ಣು ತಪ್ಪಿಸಿ ಹೊರಡಬೇಡಿ, "ಊಟ ಆದ್ಮೇಲೆ ಬರ್ತೀನಿ ಕಂದ" ಎಂದು ಹೇಳಿ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ನೀವು ಹೋದ ಮೇಲೆ ಎಷ್ಟು ಹೊತ್ತಿಗೆ ಸಮಾಧಾನವಾಯಿತು, ಯಾರ ಮಡಿಲಲ್ಲಿ ಆಯಿತು ಎಂದು ಕೇಳಿ. ತಿಂಗಳು ಕಳೆದರೂ ರಾತ್ರಿ ಬೆಚ್ಚಿಬೀಳುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿದರೆ, ಒಬ್ಬರ ಹೆಸರೆತ್ತಿದರೆ ಮುಖ ಮುಚ್ಚಿಕೊಂಡರೆ ಹಟ ಎಂದು ತಳ್ಳಿಹಾಕಬೇಡಿ. ಶಾಲೆಗೆ ಹೋಗಿ ಕೂತು ನೋಡಿ, ಮಾತಾಡಿ. ಅವರು ನಿಮ್ಮ ಮಾತಿಗೂ ಕಿವಿಗೊಡದಿದ್ದರೆ, ಕಟ್ಟಿದ ಫೀಸು ಹೋದರೂ ಚಿಂತೆಯಿಲ್ಲ, ನಡುವರ್ಷದಲ್ಲೇ ಬಿಡಿಸಿಕೊಂಡು ಬನ್ನಿ.