ಕಿರ್ದಿಯೂ ಖಾತೆಯೂ

ಹಿಂದಿನ ಕಾಲದ ಜವಳಿ ಅಂಗಡಿಗಳಲ್ಲಿ ಎರಡು ಬಗೆಯ ಲೆಕ್ಕದ ಪುಸ್ತಕಗಳಿರುತ್ತಿದ್ದವು. ವ್ಯವಹಾರ ನಡೆದೊಡನೆಯೇ ಗುಮಾಸ್ತನು ಅದನ್ನು ಕಿರ್ದಿಯಲ್ಲಿ ಬರೆಯುತ್ತಿದ್ದನು. ಅನಂತರ ಆಯಾ ಗಿರಾಕಿಯ ಖಾತೆಗೆ ಏರಿಸುತ್ತಿದ್ದನು. ಖಾತೆಪುಸ್ತಕವು ಮಳೆಯಲ್ಲಿ ನೆನೆದು ಹಾಳಾದರೂ, ಅದರ ಹಳೆಯ ಪ್ರತಿಯೊಂದು ಹಾಗೂ ಅಂದಿನಿಂದ ಬರೆದ ಕಿರ್ದಿ ಉಳಿದಿದ್ದರೆ, ಲೆಕ್ಕವನ್ನೆಲ್ಲ ಮರಳಿ ಕಟ್ಟಬಹುದಾಗಿತ್ತು.

ಇಂದು ಬ್ಯಾಂಕಿನ ಠೇವಣಿ, ರೈತನ ಪಹಣಿ, ವಿದ್ಯಾರ್ಥಿಯ ಅಂಕಗಳು ಕಂಪ್ಯೂಟರಿನ ದತ್ತಸಂಚಯದಲ್ಲಿ, ಎಂದರೆ ಡೇಟಾಬೇಸಿನಲ್ಲಿ ಇರುತ್ತವೆ. ಅಲ್ಲಿಯೂ ಖಾತೆಯುಂಟು, ಕಿರ್ದಿಯುಂಟು. ಪ್ರತಿಯೊಂದು ಬದಲಾವಣೆಯೂ ಮೊದಲು ‘ಲಾಗ್’ ಎಂಬ ಕಿರ್ದಿಯಲ್ಲಿ ದಾಖಲಾಗಿ, ಅನಂತರವೇ ಮುಖ್ಯ ಕಡತವನ್ನು ಸೇರುತ್ತದೆ. ಈ ಕಿರ್ದಿಯನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಎಸ್‌ಕ್ಯೂಎಲ್ ಸರ್ವರ್ ಎಂಬ ತಂತ್ರಾಂಶವನ್ನೇ ನೋಡೋಣ. ಅದರ ‘ಸರಳ’ ಮಾದರಿಯಲ್ಲಿ, ಕೆಲಸ ಮುಗಿದ ಲಾಗಿನ ಜಾಗವನ್ನು ಮತ್ತೆ ಬಳಸಲಾಗುತ್ತದೆ. ಇದರಿಂದ ಸ್ಥಳ ಉಳಿಯುತ್ತದೆ; ಆದರೆ ಅನಾಹುತವಾದರೆ ಕಡೆಯ ಬ್ಯಾಕಪ್ಪಿನ, ಎಂದರೆ ಕಾದಿರಿಸಿದ ಪ್ರತಿಯ, ಸ್ಥಿತಿಗೆ ಮಾತ್ರ ಹಿಂದಿರುಗಬಹುದು. ‘ಪೂರ್ಣ’ ಮಾದರಿಯಲ್ಲಾದರೋ, ಲಾಗಿನ ಪ್ರತಿ ತೆಗೆಯುವವರೆಗೂ ಅದು ಅಳಿಯದು. ಭಾನುವಾರ ಇಡೀ ಸಂಚಯದ ಪ್ರತಿ, ಪ್ರತಿರಾತ್ರಿ ಭಾನುವಾರದಿಂದೀಚೆಗೆ ಬದಲಾದ ಭಾಗದ ಪ್ರತಿ, 15 ನಿಮಿಷಗಳಿಗೊಮ್ಮೆ ಲಾಗಿನ ಪ್ರತಿ ತೆಗೆಯುತ್ತಿದ್ದರೆ, 11 ಗಂಟೆ 10 ನಿಮಿಷಕ್ಕೆ ಯಾರೋ ತಪ್ಪಾಗಿ ಅಳಿಸಿದ್ದನ್ನು 11 ಗಂಟೆ 9 ನಿಮಿಷದಲ್ಲಿದ್ದಂತೆ ಮರಳಿ ಪಡೆಯಬಹುದು. ಆದರೆ ಲಾಗಿನ ಪ್ರತಿ ತೆಗೆಯಲು ಮರೆತರೆ ಅದು ಬೆಳೆಬೆಳೆದು ಡಿಸ್ಕನ್ನೇ ತುಂಬಿಬಿಡುತ್ತದೆ.

ಇವುಗಳಲ್ಲಿ ಯಾವುದು ಮೇಲು? ಆರಿಸುವ ಮೊದಲು ಎರಡು ಮಾತುಗಳನ್ನು ಕೇಳಿಕೊಳ್ಳಬೇಕು. ಎಷ್ಟು ಹೊತ್ತಿನ ಕೆಲಸ ನಷ್ಟವಾದರೆ ಸಹಿಸಬಲ್ಲೆವು? ಎಷ್ಟು ಹೊತ್ತು ಕೆಲಸ ನಿಂತರೆ ತಾಳಬಲ್ಲೆವು? ಶಾಲೆಯ ಗ್ರಂಥಾಲಯಕ್ಕೆ ನಿನ್ನೆಯ ಪ್ರತಿ ಸಾಕು. ಇಂದಿನ ನಾಲ್ಕಾರು ಪುಸ್ತಕಗಳನ್ನು ನೆನಪಿನಿಂದಲೇ ಬರೆಯಬಹುದು. ಬ್ಯಾಂಕಿಗೆ ಒಂದು ಗಳಿಗೆಯ ನಷ್ಟವೂ ಸಲ್ಲದು.

ಏರ್ಪಾಟಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು, ಒಂದು ಸರ್ವರಿನ ಕಡತಗಳನ್ನು ಅಳಿಸುತ್ತಿದ್ದೇನೆಂದು ಭಾವಿಸಿ, ಮುಖ್ಯ ಸರ್ವರಿನ ಕಡತಗಳನ್ನೇ ಅಳಿಸಿದರು. ಕೂಡಲೇ ತಡೆದರೂ, ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಅಲ್ಪಭಾಗವಷ್ಟೇ ಉಳಿದಿತ್ತು. ದಿನನಿತ್ಯದ ಬ್ಯಾಕಪ್ ನಡೆಯುತ್ತಿದೆಯೆಂದೇ ಎಲ್ಲರೂ ನಂಬಿದ್ದರು. ಹುಡುಕಿದಾಗ ಅದು ವಿಫಲವಾಗುತ್ತಲೇ ಇದ್ದುದು ತಿಳಿಯಿತು. ಎಚ್ಚರಿಕೆಯ ಮಿಂಚಂಚೆಗಳೂ ತಲಪಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಸುಮಾರು 6 ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿಯೇ ಕಡೆಗೆ ಆಸರೆಯಾಯಿತು. ಆ 6 ಗಂಟೆಗಳಲ್ಲಿ ಬಳಕೆದಾರರು ಬರೆದ ಸಾವಿರಾರು ಟಿಪ್ಪಣಿಗಳು ಮರಳಲಿಲ್ಲ. ಸಂಸ್ಥೆಯು ತನ್ನ ತಪ್ಪನ್ನು ಮುಚ್ಚಿಡದೆ ಜಗತ್ತಿಗೆ ತಿಳಿಸಿದ್ದರಿಂದಲೇ ನಾವಿಂದು ಈ ಪಾಠ ಕಲಿಯುತ್ತಿದ್ದೇವೆ.

ಆದುದರಿಂದ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರಿಸಬೇಕು. ಆಗಾಗ ಅದರಿಂದ ದತ್ತಸಂಚಯವನ್ನು ಮರಳಿ ಕಟ್ಟಿ ಪರೀಕ್ಷಿಸಬೇಕು. ಬಾವಿಯಲ್ಲಿ ಕೊಡವನ್ನಿಳಿಸಿ ನೋಡದೆ ಹಗ್ಗದ ಉದ್ದವನ್ನು ನಂಬಬಾರದು. ದತ್ತಸಂಚಯದ ಒಂದೊಂದು ಸಾಲಿನ ಹಿಂದೆಯೂ ಯಾರದೋ ದುಡಿಮೆಯಿದೆ. ಅದನ್ನು ಕಾಯುವುದು ನಂಬಿದವರಿಗೆ ನಾವು ಸಲ್ಲಿಸಬೇಕಾದ ಋಣ.

ಅಭ್ಯಾಸ

1. ಕಿರ್ದಿಗೂ ಲಾಗಿಗೂ ಇರುವ ಹೋಲಿಕೆಯೇನು?
2. ನಿಮ್ಮೂರಿನ ಹಾಲಿನ ಡೇರಿಗೆ ಯಾವ ಮಾದರಿ ತಕ್ಕುದು? ಕಾರಣ ಕೊಡಿರಿ.