ಐದು ವರ್ಷ ತುಂಬಿದರೆ ಮಗು ತಂದೆಯ ಪಾಲಾಗುತ್ತದೆಯೇ?

ಪ್ರಶ್ನೆ: ನನ್ನ ಮಗಳು ಒಂದೂವರೆ ವರ್ಷದಿಂದ ತವರಿನಲ್ಲಿದ್ದಾಳೆ. ಮೊಮ್ಮಗನಿಗೆ ನಾಲ್ಕೂವರೆ ವರ್ಷ. ಅಳಿಯಂದಿರು ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೇಳುತ್ತಿದ್ದಾರೆ. ‘ಮಗುವನ್ನು ನೀವೇ ಇಟ್ಟುಕೊಳ್ಳಿ, ಆದರೆ ಅವನ ಖರ್ಚಿಗೆ ಎಂದೂ ಹಣ ಕೇಳುವುದಿಲ್ಲ ಎಂದು ಬರೆದುಕೊಡಿ. ಇಲ್ಲವಾದರೆ ಐದು ವರ್ಷ ತುಂಬುತ್ತಲೇ ಮಗ ನನ್ನವನು, ಕಾನೂನೇ ಹಾಗಿದೆ’ ಎನ್ನುತ್ತಾರೆ. ಊರ ಹಿರಿಯರು ಬಾಂಡ್ ಪೇಪರ್ ಮೇಲೆ ಬರೆಸಿ ಮುಗಿಸಿಬಿಡಿ ಎನ್ನುತ್ತಿದ್ದಾರೆ. ಹುಡುಗನ ಖರ್ಚಿಗೆ ಒಂದು ರೂಪಾಯಿ ಕೊಡದವರಿಗೆ ಅವನನ್ನು ತೋರಿಸಲೇಬೇಕೇ ಎಂಬುದೂ ನಮ್ಮ ಪ್ರಶ್ನೆ. ದಯವಿಟ್ಟು ತಿಳಿಸಿ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಅಮ್ಮಾ, ಸಹಿ ಹಾಕುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಇಂಥ ಪತ್ರಗಳು ಬಹಳ ಸಲ ಸಹಿ ಬಿದ್ದ ಮೇಲೆ ಬರುತ್ತವೆ. ನಿಮ್ಮ ಗೊಂದಲ ಸಹಜವಾದದ್ದು. ವಿಚ್ಛೇದನ, ಮಗುವಿನ ಸುಪರ್ದಿ, ಮಗುವಿನ ಜೀವನಾಂಶ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಿಮ್ಮ ಮುಂದೆ ಇಟ್ಟಿದ್ದಾರೆ. ಕಾನೂನಿನಲ್ಲಿ ಅವು ಮೂರೂ ಬೇರೆ ಬೇರೆ. ಮೊದಲನೆಯದು ಗಂಡ ಹೆಂಡತಿಗೆ ಸಂಬಂಧಿಸಿದ್ದು, ಅವರಿಬ್ಬರು ಒಪ್ಪಿ ಮುಗಿಸಿಕೊಳ್ಳಬಹುದು. ಉಳಿದೆರಡು ನಿಮ್ಮ ಮೊಮ್ಮಗನಿಗೆ ಸೇರಿದವು. ಅವನ ಪರವಾಗಿ ಅವನ್ನು ಬಿಟ್ಟುಕೊಡುವ ಅಧಿಕಾರ ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ.

ಐದು ವರ್ಷದ ಮಾತನ್ನು ಮೊದಲು ನೋಡೋಣ, ನಿಮ್ಮನ್ನು ಹೆಚ್ಚು ಹೆದರಿಸಿರುವುದು ಅದೇ. ನೀವು ಹಿಂದೂಗಳು ಎಂದು ಪತ್ರದಿಂದ ತಿಳಿಯಿತು, ಹಾಗಾಗಿ ನಿಮಗೆ ಅನ್ವಯಿಸುವುದು 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯ್ದೆ. ಅದರ 6ನೇ ಕಲಮಿನಲ್ಲಿ ಐದು ವರ್ಷ ಎಂಬ ಮಾತು ಇರುವುದು ನಿಜ. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೆ ಇರಬೇಕು ಎಂದು ಅದು ಹೇಳುತ್ತದೆ. ಐದು ತುಂಬಿದ ಮಗು ತಂದೆಗೆ ಹೋಗಬೇಕು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಎಳೆಯ ಮಗುವಿನ ವಿಷಯದಲ್ಲಿ ತಾಯಿಗೆ ಕೊಟ್ಟ ಹೆಚ್ಚಿನ ಬಲವನ್ನು ಜನ ತಂದೆಗೆ ಕೊಟ್ಟ ಗಡುವು ಎಂದು ತಿರುಗಿಸಿ ಓದುತ್ತಾರೆ. ಅಳಿಯಂದಿರೂ ಹಾಗೆಯೇ ಕೇಳಿ ತಿಳಿದಿರಬಹುದು.

ಹಾಗಾದರೆ ಐದು ತುಂಬಿದ ಮೇಲೆ ತೀರ್ಮಾನ ಯಾವುದರ ಮೇಲೆ? ಅದೇ ಕಾಯ್ದೆಯ 13ನೇ ಕಲಮು ಅದನ್ನು ಹೇಳುತ್ತದೆ: ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೊದಲು. 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಲ್ಲೂ ನ್ಯಾಯಾಲಯ ನೋಡಬೇಕಾದದ್ದು ಇದನ್ನೇ. ಮಕ್ಕಳು ತಂದೆತಾಯಿಯ ಸೊತ್ತಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ 1973ರಲ್ಲಿಯೇ, ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಇಷ್ಟು ದಿನ ಮಗುವನ್ನು ನೋಡಿಕೊಂಡವರು ಯಾರು, ಶಾಲೆ ಎಲ್ಲಿ, ಆರೋಗ್ಯ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಸ್ಥಳ ಬದಲಾದರೆ ಅವನಿಗೆ ಏನಾಗುತ್ತದೆ ಎಂದೆಲ್ಲ ನ್ಯಾಯಾಧೀಶರು ವಿಚಾರಿಸುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುವುದುಂಟು, ಅದೂ ತಂದೆತಾಯಿಯನ್ನು ಹೊರಗೆ ಕೂರಿಸಿ, ತಮ್ಮ ಕೊಠಡಿಯಲ್ಲಿ. ಸಂಬಳ ಹೆಚ್ಚಿದ್ದ ಮಾತ್ರಕ್ಕೆ ಮಗು ಸಿಗುವುದಿಲ್ಲ. ಮಗಳಿಗೆ ಸ್ವಂತ ಸಂಪಾದನೆ ಇಲ್ಲವೆಂದು ನೀವು ಬರೆದಿದ್ದೀರಿ. ಅದೊಂದೇ ಕಾರಣಕ್ಕೆ ಸುಪರ್ದಿ ಕೈತಪ್ಪುವುದಿಲ್ಲ, ತಂದೆಯಿಂದ ಜೀವನಾಂಶ ಕೊಡಿಸುವ ದಾರಿ ಇರುವುದು ಇಂಥ ತಾಯಂದಿರಿಗಾಗಿಯೇ. ಅಜ್ಜ ಅಜ್ಜಿ ಜೊತೆಗಿದ್ದು ಹುಡುಗನನ್ನು ನೋಡಿಕೊಳ್ಳುತ್ತಿರುವುದು ಕೂಡ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಅದೇ 6ನೇ ಕಲಮು ಸಹಜ ಪೋಷಕ ತಂದೆ, ಅವನ ನಂತರ ತಾಯಿ ಎನ್ನುತ್ತದೆ. ಇದನ್ನು ಓದಿ ತಂದೆ ಬದುಕಿರುವವರೆಗೆ ತಾಯಿಗೆ ಅಧಿಕಾರವೇ ಇಲ್ಲ ಎಂದುಕೊಳ್ಳುವವರಿದ್ದಾರೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ತಾವೇ ಪೋಷಕಿಯಾಗಿ ಸಹಿ ಹಾಕಿದಾಗ ಬ್ಯಾಂಕು ತಂದೆಯ ಸಹಿ ಬೇಕೆಂದಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ಬಂದ ತೀರ್ಪು ಆ ‘ನಂತರ’ ಎಂಬ ಪದಕ್ಕೆ ‘ತಂದೆ ಸತ್ತ ಮೇಲೆ’ ಎಂದು ಅರ್ಥವಲ್ಲ, ‘ತಂದೆಯ ಗೈರುಹಾಜರಿಯಲ್ಲಿ’ ಎಂದು ಅರ್ಥ ಎಂದಿತು. ತಂದೆ ಮಗುವಿನ ಹೊಣೆ ಹೊರದೆ ದೂರ ಇದ್ದರೆ ಅದೂ ಗೈರುಹಾಜರಿಯೇ. ಸಾಮಾನ್ಯ ಮಾತಿನಲ್ಲಿ ಹೇಳುವುದಾದರೆ ಪೋಷಕತ್ವ ಎಂದರೆ ಮಗುವಿನ ಪರವಾಗಿ ಸಹಿ ಹಾಕುವ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರ. ಸುಪರ್ದಿ ಎಂದರೆ ಮಗು ದಿನನಿತ್ಯ ಯಾರ ಮಡಿಲಲ್ಲಿ ಬೆಳೆಯುತ್ತದೆ ಎಂಬುದು. ಎರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ.

ಈಗ ಬರೆದುಕೊಡಿ ಎಂದು ಕೇಳುತ್ತಿರುವ ಮಾತಿಗೆ ಬರೋಣ. ಮಗಳು ತನಗೆ ಜೀವನಾಂಶ ಬೇಡ ಎಂದು ಹೇಳಬಹುದು, ಅಥವಾ ಒಂದೇ ಗಂಟಿನಲ್ಲಿ ಇಷ್ಟು ಹಣ ಸಾಕು ಎಂದು ಒಪ್ಪಬಹುದು. ಅದು ಅವಳ ಇಷ್ಟ. ಆದರೆ ಮಗನ ಜೀವನಾಂಶ ಬೇಡ ಎಂದು ಅವಳು ಬರೆದುಕೊಟ್ಟರೂ ಅದು ಮಗನನ್ನು ಕಟ್ಟಿಹಾಕುವುದಿಲ್ಲ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಮುಂದೆ ಅವನ ಪರವಾಗಿ ಅರ್ಜಿ ಹಾಕಿದರೆ ನ್ಯಾಯಾಲಯ ಕೇಳಿಸಿಕೊಳ್ಳುತ್ತದೆ. ಆದರೆ, ಹೇಗೂ ಕಟ್ಟಿಹಾಕುವುದಿಲ್ಲವಲ್ಲ, ಸಹಿ ಹಾಕಿಬಿಡೋಣ ಎಂದುಕೊಳ್ಳಬೇಡಿ. ಆ ಒಂದು ಸಾಲನ್ನು ಮುಂದಿಟ್ಟುಕೊಂಡು ಎದುರು ಪಕ್ಷ ವರ್ಷಗಟ್ಟಲೆ ವಾದ ಬೆಳೆಸುತ್ತದೆ, ಶಾಲೆಯ ಫೀಸು ಅಷ್ಟು ದಿನ ಕಾಯುವುದಿಲ್ಲ. ಒಪ್ಪಂದದಲ್ಲಿ ಮಗನ ಖರ್ಚು ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾರ ಖಾತೆಗೆ, ಪ್ರತಿವರ್ಷ ಎಷ್ಟು ಏರಬೇಕು, ಆಸ್ಪತ್ರೆ ಖರ್ಚು ಬಂದರೆ ಯಾರದು ಎಂದು ಬಿಡಿಬಿಡಿಯಾಗಿ ಬರೆಸಿ.

ಮಗುವಿಗೆ ಜೀವನಾಂಶ ಕೇಳಲು ವಿಚ್ಛೇದನ ಆಗಬೇಕಾಗಿಯೂ ಇಲ್ಲ, ವಿಚ್ಛೇದನ ಆದಮೇಲೆ ಅದು ನಿಲ್ಲುವುದೂ ಇಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಎಂದು ಎಲ್ಲರ ಬಾಯಲ್ಲಿದ್ದ ಅವಕಾಶ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಇದಕ್ಕೆ ಜಾತಿ ಧರ್ಮದ ಭೇದವಿಲ್ಲ. ಮಗಳು ಈಗ ಇರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು, ಅಳಿಯನ ಊರಿಗೆ ಅಲೆಯಬೇಕಾಗಿಲ್ಲ. ಮುಖ್ಯ ಪ್ರಕರಣ ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೇಳಬಹುದು. ಆ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ತಡವಾಗುವುದುಂಟು, ಅದಕ್ಕೇ ಅರ್ಜಿಯನ್ನು ಬೇಗ ಹಾಕುವುದು ಮೇಲು.

ಎಷ್ಟು ಸಿಗುತ್ತದೆ? ಸಂಬಳದ ಕಾಲು ಭಾಗ ಎಂಬ ಮಾತು ಹರಡಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೆಂಡತಿಗೆ ಗಂಡನ ನಿವ್ವಳ ಸಂಬಳದ ಶೇಕಡಾ 25ರಷ್ಟು ನ್ಯಾಯವಾದ ಮೊತ್ತ ಎಂದಿತ್ತು, ಅಲ್ಲಿಂದ ಈ ಲೆಕ್ಕ ಹುಟ್ಟಿಕೊಂಡಿತು. ಅದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ. ಹೆಚ್ಚು ಉಪಯೋಗವಾಗುವುದು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಅಫಿಡವಿಟ್ ಮೂಲಕ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದು ಅದು ಹೇಳಿದೆ. ತಾಯಿಗೂ ಸಾಕಷ್ಟು ಸಂಪಾದನೆ ಇದ್ದರೆ ಮಗುವಿನ ಖರ್ಚನ್ನು ಇಬ್ಬರೂ ಅವರವರ ಶಕ್ತಿಗೆ ತಕ್ಕಂತೆ ಹಂಚಿಕೊಳ್ಳಬೇಕು ಎಂದೂ ಹೇಳಿದೆ, ಅದು ನ್ಯಾಯವೇ. ಹಾಗಾಗಿ ನೀವು ಇವತ್ತಿನಿಂದಲೇ ಅಂಗನವಾಡಿ ಅಥವಾ ಶಾಲೆ, ಔಷಧ, ಬಟ್ಟೆ, ಹಾಲಿನ ಖರ್ಚಿನ ಚೀಟಿಗಳನ್ನು ಒಂದು ಚೀಲದಲ್ಲಿ ಕೂಡಿಡುತ್ತ ಬನ್ನಿ.

ಆದೇಶವಾದ ಮೇಲೂ ಕೊಡದಿದ್ದರೆ ನ್ಯಾಯಾಲಯ ವಾರಂಟ್ ಹೊರಡಿಸಬಹುದು, ಬಾಕಿಯಾದ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿಹೋಗುವುದಿಲ್ಲ. ಆದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಇದನ್ನು ಮರೆತು ಹಣ ಕಳೆದುಕೊಂಡವರು ಅನೇಕರು.

ನಿಮ್ಮ ಕೊನೆಯ ಪ್ರಶ್ನೆಗೆ ನಾನು ಕೊಡುವ ಉತ್ತರ ನಿಮಗೆ ಹಿಡಿಸದಿರಬಹುದು. ಖರ್ಚು ಕೊಡದವರಿಗೆ ಮಗುವನ್ನು ತೋರಿಸಲೇಬೇಕೇ ಎಂದಿರಿ. ಹೌದು, ಮಗುವಿಗೆ ಅಪಾಯವಿಲ್ಲದಿದ್ದರೆ ತೋರಿಸಬೇಕು. ತಂದೆಯನ್ನು ನೋಡುವುದು, ಅವನ ಪ್ರೀತಿ ಪಡೆಯುವುದು ಮಗುವಿನ ಹಕ್ಕು. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ದೂರದಲ್ಲಿರುವ ತಂದೆ ಅಥವಾ ತಾಯಿ ವಿಡಿಯೋ ಕರೆಯಲ್ಲಿ ಮಗುವಿನೊಡನೆ ಮಾತಾಡುವ ಅವಕಾಶವೂ ಇರಬೇಕೆಂದಿತು. ಹಣಕ್ಕೂ ಭೇಟಿಗೂ ಗಂಟು ಹಾಕಬಾರದು. ‘ಮಗು ತೋರಿಸಲಿಲ್ಲ, ಅದಕ್ಕೆ ದುಡ್ಡು ಕೊಡುವುದಿಲ್ಲ’ ಎಂದು ತಂದೆ ಹೇಳುವಂತಿಲ್ಲ. ‘ದುಡ್ಡು ಕೊಡಲಿಲ್ಲ, ಅದಕ್ಕೆ ಮಗು ತೋರಿಸುವುದಿಲ್ಲ’ ಎಂದು ತಾಯಿಯೂ ಹೇಳುವಂತಿಲ್ಲ. ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ: ಮಗುವನ್ನು ತಂದೆಯಿಂದ ದೂರ ಇಟ್ಟವರು ಎಂದು ನ್ಯಾಯಾಧೀಶರಿಗೆ ಅನಿಸಿದರೆ ಸುಪರ್ದಿಯ ವಿಚಾರದಲ್ಲಿ ಅದು ಮಗಳಿಗೇ ತೊಂದರೆ. ಭಾನುವಾರ ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಹಬ್ಬದಲ್ಲಿ ಒಂದು ದಿನ, ಬೇಸಿಗೆ ರಜೆಯಲ್ಲಿ ಇಷ್ಟು ದಿನ ಎಂದು ಒಪ್ಪಂದದಲ್ಲೇ ಬರೆಸಿ. ಕೆಲವು ತಂದೆತಾಯಿ ಇದಕ್ಕಿಂತ ಮುಂದೆ ಹೋಗುವುದೂ ಇದೆ. 2013ರ ಒಂದು ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಮಗು ಜನವರಿಯಿಂದ ಜೂನ್ ತನಕ ತಂದೆಯ ಬಳಿ, ಜುಲೈನಿಂದ ಡಿಸೆಂಬರ್ ತನಕ ತಾಯಿಯ ಬಳಿ ಇರಲಿ ಎಂದು ಜಂಟಿ ಸುಪರ್ದಿ ಕೊಟ್ಟಿತು. ಬೇರೆ ಬೇರೆ ಊರಲ್ಲಿರುವ ನಿಮ್ಮಂಥವರಿಗೆ, ಅದೂ ಇಷ್ಟು ಚಿಕ್ಕ ಮಗುವಿಗೆ, ಅದು ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ.

ಊರ ಹಿರಿಯರ ಸಲಹೆಯಲ್ಲಿ ಒಳ್ಳೆಯ ಮನಸ್ಸಿದೆ, ಆದರೆ ಅದು ನಿಮ್ಮನ್ನು ಕಾಪಾಡುವುದಿಲ್ಲ. ನಿಮ್ಮ ಕಡೆ ಸೋಡಚೀಟಿ, ಅಂದರೆ ಮದುವೆ ಬಿಡುಗಡೆಯ ಪತ್ರ, ಕೊಡುವ ಪದ್ಧತಿ ಕೆಲವು ಸಮುದಾಯಗಳಲ್ಲಿತ್ತು. ರೂಢಿಯಿಂದ ಬಂದ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಉಳಿಸಿಯೂ ಇದೆ. ಆದರೆ ಆ ರೂಢಿ ನಿಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಭಾರ ನಿಮ್ಮ ಮೇಲೆಯೇ ಬೀಳುತ್ತದೆ. ಅದಾಗದಿದ್ದರೆ ಬಾಂಡ್ ಪೇಪರಿನಿಂದ ಮದುವೆ ಮುರಿಯುವುದಿಲ್ಲ, ಮಗಳು ನಾಳೆ ಇನ್ನೊಂದು ಮದುವೆಯಾದರೆ ಅದು ಊರ್ಜಿತವಾಗುವುದೂ ಇಲ್ಲ. ನ್ಯಾಯಾಲಯದ ಡಿಕ್ರಿಯೇ ಗಟ್ಟಿ ದಾರಿ.

ಆ ದಾರಿ ಉದ್ದವೂ ಅಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ ಇಬ್ಬರೂ ಒಂದು ವರ್ಷ ಬೇರೆ ಇದ್ದಿರಬೇಕು. ನಿಮ್ಮ ಮಗಳ ವಿಷಯದಲ್ಲಿ ಅದು ಆಗಿದೆ. ಜಂಟಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಮತ್ತೆ ಒಂದಾಗುವ ಸಾಧ್ಯತೆಯೇ ಇಲ್ಲದೆ, ಮಗುವಿನ ವಿಷಯವೂ ಸೇರಿ ಎಲ್ಲ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಆಗುವ ಮೊದಲು ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದೆಗೆದುಕೊಳ್ಳಬಹುದು ಎಂಬುದನ್ನೂ ಮಗಳಿಗೆ ತಿಳಿಸಿ. ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಸಿವಿಲ್ ನ್ಯಾಯಾಲಯದಲ್ಲಿ ಅರ್ಜಿ ನಡೆಯುತ್ತದೆ. ಸುಪರ್ದಿ ಮತ್ತು ಜೀವನಾಂಶದ ಆದೇಶ ಒಮ್ಮೆ ಆದರೆ ಕಲ್ಲಿನ ಮೇಲಿನ ಬರಹವಲ್ಲ. ಮಗು ಬೆಳೆದು ಖರ್ಚು ಏರಿದಾಗ, ಇಬ್ಬರಲ್ಲಿ ಒಬ್ಬರ ಪರಿಸ್ಥಿತಿ ಬದಲಾದಾಗ, ಬದಲಿಸಿಕೊಡಿ ಎಂದು ಕೇಳಬಹುದು.

ಮಗುವನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದರೆ ಎಂಬ ಅಂಜಿಕೆಯೂ ನಿಮ್ಮ ಪತ್ರದಲ್ಲಿದೆ. ಹಾಗಾದ ದಿನವೇ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಹಿಂಬರಹ ಪಡೆದುಕೊಳ್ಳಿ. ಮಗು ಸಾಮಾನ್ಯವಾಗಿ ವಾಸವಿದ್ದ ಜಿಲ್ಲೆಯಲ್ಲೇ ಸುಪರ್ದಿಯ ಅರ್ಜಿ ಹಾಕಬಹುದು. ತುರ್ತು ಎನಿಸಿದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯ, ಅಂದರೆ ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿಯ, ದಾರಿಯೂ ಇದೆ, ನಿಮಗೆ ಧಾರವಾಡದ ಪೀಠ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸಂಕೋಚದಿಂದ ಬರೆದಿದ್ದೀರಿ, ಸಂಕೋಚ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. 15100 ಎಂಬ ಸಹಾಯವಾಣಿಗೂ ಕರೆ ಮಾಡಬಹುದು. ಮದುವೆಯ ಫೋಟೊ ಅಥವಾ ಆಮಂತ್ರಣ ಪತ್ರ, ಮೊಮ್ಮಗನ ಜನನ ಪ್ರಮಾಣಪತ್ರ, ಎಲ್ಲರ ಆಧಾರ್ ಪ್ರತಿ, ಅಳಿಯಂದಿರ ಸಂಬಳದ ಬಗ್ಗೆ ಕೈಯಲ್ಲಿರುವ ಯಾವುದೇ ಕಾಗದ, ಆ ಖರ್ಚಿನ ಚೀಟಿಗಳ ಚೀಲ ಇವನ್ನು ತೆಗೆದುಕೊಂಡು ಮಗಳ ಜೊತೆ ಈ ವಾರವೇ ಅಲ್ಲಿಗೆ ಹೋಗಿ ಬನ್ನಿ. ಅಲ್ಲಿಯ ವಕೀಲರು ಓದಿ ನೋಡುವ ತನಕ, ಯಾರು ಎಷ್ಟು ಅವಸರ ಮಾಡಿದರೂ, ಯಾವ ಕಾಗದಕ್ಕೂ ಮಗಳು ಸಹಿ ಹಾಕದಂತೆ ನೋಡಿಕೊಳ್ಳಿ.