ಹಾಯಿದೋಣಿಗೆ ವಯಸ್ಸಿನ ಹಂಗಿಲ್ಲ

ಡೆನ್ಮಾರ್ಕಿನ ಪೌಲ್ ಎಲ್ವ್‌ಸ್ಟ್ರೋಮ್ 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದವರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮಗಳು ಟ್ರಿನೆಯೊಂದಿಗೆ ಒಂದೇ ದೋಣಿಯಲ್ಲಿ ಸ್ಪರ್ಧೆಗಿಳಿದಾಗ ಅವರಿಗೆ 60 ವರ್ಷ. ಅರ್ಜೆಂಟೀನಾದ ಸಾಂಟಿಯಾಗೊ ಲಾಂಗೆ ಕ್ಯಾನ್ಸರ್‌ನಿಂದಾಗಿ ಶ್ವಾಸಕೋಶದ ಒಂದು ಭಾಗವನ್ನೇ ತೆಗೆಸಿಕೊಂಡರು. ಮರುವರ್ಷ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, 54ನೇ ವಯಸ್ಸಿನಲ್ಲಿ ಚಿನ್ನ ಗೆದ್ದರು.

ಇವರಿಬ್ಬರೂ ಅಸಾಮಾನ್ಯರು, ನಿಜ. ಆದರೆ ಈ ಕ್ರೀಡೆಯ ಗುಣವೂ ಅವರ ಬೆನ್ನಿಗಿತ್ತು. ದೋಣಿಯನ್ನು ತಳ್ಳುವ ಕೆಲಸ ಗಾಳಿಯದು. ಗಾಳಿಯನ್ನು ಗಮನಿಸಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ ಹಿಡಿದು ಕೂರುವುದಷ್ಟೇ ನಮ್ಮದು. ಹತ್ತು ವರ್ಷದ ಮಗುವೂ ಅರವತ್ತು ದಾಟಿದ ಅಜ್ಜಿಯೂ ಇದನ್ನು ಕಲಿಯಬಹುದು. ಶುರು ಮಾಡುವ ಕ್ರಮ ಹೀಗಿದೆ.

1. ನಿಮಗೆ ಹೊಂದುವ ದೋಣಿ ಆರಿಸಿಕೊಳ್ಳಿ

15 ವರ್ಷದೊಳಗಿನ ಮಕ್ಕಳಿಗೆ ‘ಆಪ್ಟಿಮಿಸ್ಟ್’ ಇದೆ. 2.3 ಮೀಟರ್ ಉದ್ದದ, ಒಂದೇ ಹಾಯಿಯ ಈ ಪುಟ್ಟ ದೋಣಿಯನ್ನು 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ವಿನ್ಯಾಸ ಮಾಡಿದರು. ದೊಡ್ಡವರು ಒಬ್ಬರೇ ನಡೆಸಲು ‘ಲೇಸರ್’ ಇದೆ. ಈಗ ಅದರ ಹೆಸರು ಇಲ್ಕಾ. ದೋಣಿಯ ಒಡಲು ಒಂದೇ ಆದರೂ ಮೈತೂಕಕ್ಕೆ ತಕ್ಕಂತೆ ಮೂರು ಅಳತೆಯ ಹಾಯಿಗಳನ್ನು ಬದಲಿಸಿಕೊಳ್ಳಬಹುದು. ಹಿರಿಯರಿಗಾಗಿ ಈ ದೋಣಿಯಲ್ಲಿ ವಯೋಮಾನದ ಪ್ರಕಾರ ಪ್ರತ್ಯೇಕ ಸ್ಪರ್ಧೆಗಳು ನಡೆಯುತ್ತವೆ; 75 ದಾಟಿದವರಿಗೂ ಅಲ್ಲಿ ಒಂದು ವಿಭಾಗವಿದೆ.

ಐವತ್ತರ ನಂತರ ಕಲಿಯಲು ಹೊರಟವರಿಗೆ ನನ್ನ ಸಲಹೆ, ಇಬ್ಬರು ಕೂರುವ ದೋಣಿಯಿಂದ ಆರಂಭಿಸಿ. ಭಾರತದ ಕ್ಲಬ್‌ಗಳಲ್ಲಿ ಬಳಕೆಯಲ್ಲಿರುವ ‘ಎಂಟರ್‌ಪ್ರೈಸ್’ ಸುಮಾರು 4 ಮೀಟರ್ ಉದ್ದವಿದ್ದು, ಪಕ್ಕದಲ್ಲಿ ತರಬೇತುದಾರರು ಕೂರಲು ಜಾಗವಿರುತ್ತದೆ. ಮಂಡಿ ನೋವಿರುವವರಿಗೆ ಲೇಸರ್‌ನ ತಗ್ಗು ಆಸನ ಕಷ್ಟ.

2. ಕಲಿಸುವವರನ್ನು ಹುಡುಕಿ

ದೋಣಿ ಕೊಳ್ಳುವ ಯೋಚನೆ ಈಗಲೇ ಬೇಡ. ಕ್ಲಬ್ ಸೇರಿದರೆ ದೋಣಿ, ತರಬೇತಿ, ರಕ್ಷಣೆಗೆ ಮೋಟಾರು ಬೋಟ್ ಮೂರೂ ಸಿಗುತ್ತವೆ. ಮೈಸೂರಿನ ಬಳಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ. ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಹೈದರಾಬಾದಿನ ಹುಸೇನ್ ಸಾಗರ, ಚೆನ್ನೈ ಬಂದರಿನ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಹತ್ತಿರವಾಗಬಹುದು. ಹೊರಡುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ಹೊಸಬರಿಗೆ ತರಬೇತಿ ಯಾವಾಗ? ರಕ್ಷಣಾ ಬೋಟ್ ನೀರಿನಲ್ಲೇ ಇರುತ್ತದೆಯೇ? ನನ್ನ ವಯಸ್ಸಿನವರಿಗೆ ಯಾವ ದೋಣಿ ಕೊಡುತ್ತೀರಿ?

3. ಮೈ ಮತ್ತು ಉಡುಪು

ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಲೇಬೇಡಿ. ಈಜು ಬಲ್ಲವರಿಗೂ ಈ ಮಾತು ಅನ್ವಯ. ಜಾಕೆಟ್ ತೊಟ್ಟು ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದಾಗ ಅದು ಗಲ್ಲಕ್ಕೆ ಬಂದರೆ ಅಳತೆ ದೊಡ್ಡದಾಯಿತು ಎಂದರ್ಥ. ಈಜು ಬಾರದವರು ಮೊದಲು ಈಜುಕೊಳದಲ್ಲಿ ಜಾಕೆಟ್ ತೊಟ್ಟು ತೇಲುವುದನ್ನು ರೂಢಿಸಿಕೊಳ್ಳಿ. ಜಾರದ ಬೂಟು, ಗಲ್ಲಕ್ಕೆ ದಾರ ಕಟ್ಟುವ ಟೋಪಿ, ತುಂಬು ತೋಳಿನ ಅಂಗಿ, ಬೆರಳು ತೆರೆದ ಕೈಗವಸು, ದೋಣಿಗೆ ಕಟ್ಟಿದ ನೀರಿನ ಬಾಟಲಿ, ಇಷ್ಟು ಸಾಕು. ಹೃದಯ, ರಕ್ತದೊತ್ತಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬನ್ನಿ. ಮಾತ್ರೆ ತೆಗೆದುಕೊಳ್ಳುವವರು ಆ ವಿಷಯವನ್ನು ತರಬೇತುದಾರರಿಗೆ ತಿಳಿಸಿರಬೇಕು.

4. ಗಾಳಿ ನೋಡಿ ನೀರಿಗಿಳಿಯಿರಿ

ಹೊಸಬರಿಗೆ 5ರಿಂದ 10 ನಾಟ್, ಎಂದರೆ ಗಂಟೆಗೆ ಸುಮಾರು 9ರಿಂದ 18 ಕಿಲೋಮೀಟರ್ ವೇಗದ ಗಾಳಿ ಹಿತ. ಮುಖಕ್ಕೆ ಗಾಳಿ ತಾಕಿ, ಮರದ ಎಲೆಗಳು ಅಲುಗುತ್ತಿದ್ದರೆ ದಿನ ಚೆನ್ನಾಗಿದೆ. ಅಲೆಗಳ ತಲೆಯ ಮೇಲೆ ಎಲ್ಲೆಡೆ ಬಿಳಿ ನೊರೆ ಕಂಡರೆ ದಡದಲ್ಲೇ ಉಳಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗಿನ ಮೋಡ ಕಟ್ಟಿದರೆ ತಡಮಾಡದೆ ಹಿಂದಿರುಗಿ. ಮಳೆಗೆ ಮುಂಚೆ ಬರುವ ಬಿರುಗಾಳಿಗೆ ದೋಣಿ ಮಗುಚಲು ಕ್ಷಣ ಸಾಕು.

ನೀರಿನಲ್ಲಿದ್ದಾಗಲೂ ಗಾಳಿ ಬರುವ ದಿಕ್ಕಿನ ನೀರಿನ ಮೇಲೆ ಕಣ್ಣಿರಲಿ. ಕಪ್ಪಾದ, ಸುಕ್ಕುಗಟ್ಟಿದ ಪಟ್ಟೆಯೊಂದು ನಿಮ್ಮತ್ತ ಸರಿದು ಬರುತ್ತಿದ್ದರೆ ಅದೇ ಮುಂದಿನ ಬೀಸು. ತಲುಪುವ ಮೊದಲೇ ಅದನ್ನು ಗುರುತಿಸಿದಿರೆಂದರೆ ನೀವು ಕಲಿಯುತ್ತಿದ್ದೀರಿ.

5. ಮೊದಲು ಹಗ್ಗ ಬಿಡುವುದನ್ನು ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ. ಹಾಯಿಯನ್ನು ಹಿಡಿದಿಡುವ ಹಗ್ಗಕ್ಕೆ ‘ಶೀಟ್’ ಎನ್ನುತ್ತಾರೆ. ಗಾಳಿ ಪಕ್ಕದಿಂದ ಬೀಸುತ್ತಿರುವಾಗ ಅದನ್ನು ಬಿಟ್ಟರೆ ಹಾಯಿ ಬಾವುಟದ ಹಾಗೆ ಪಟಪಟಿಸಿ ಗಾಳಿಯನ್ನು ಬಿಟ್ಟುಕೊಡುತ್ತದೆ. ವಾಲಿದ ದೋಣಿ ನೆಟ್ಟಗಾಗಿ ನಿಧಾನಿಸುತ್ತದೆ. ಹೆದರಿದವರು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ, ದೋಣಿ ಮಗುಚುವುದು ಆಗಲೇ. ಬೀಸು ಬಂದಾಗ ಕೈ ತಾನಾಗಿ ಸಡಿಲವಾಗುವವರೆಗೆ ಅಭ್ಯಾಸ ಮಾಡಿ. ಇದಕ್ಕೆ ತೋಳ್ಬಲ ಬೇಕಿಲ್ಲ, ಆದ್ದರಿಂದಲೇ ವಯಸ್ಸು ಅಡ್ಡಿಯಾಗದು.

ಹಾಯಿ ಸರಿಯಾಗಿದೆಯೇ ಎಂದು ತಿಳಿಯಲು, ಮುಂಚೂಣಿ ಅಂಚು ಅದುರುವವರೆಗೆ ಹಗ್ಗ ಬಿಡಿ. ಅದುರುವುದು ನಿಲ್ಲುವಷ್ಟು ಮಾತ್ರ ಮತ್ತೆ ಎಳೆಯಿರಿ. ಅಷ್ಟೇ ಅದರ ಹದ.

6. ಗಾಳಿಗೆದುರು ಅಂಕುಡೊಂಕಾಗಿ

ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಸ್ವಲ್ಪ ದೂರ ಹೋಗಿ, ತಿರುಗಿ, ಮತ್ತೊಂದು ಓರೆಯಲ್ಲಿ ಮುಂದುವರಿಯಬೇಕು. ತಿರುಗುವಾಗ ಜೊತೆಗಾರರಿಗೆ ಹೇಳಿ, ಚುಕ್ಕಾಣಿಯ ಹಿಡಿಕೋಲನ್ನು, ಅಂದರೆ ಟಿಲ್ಲರನ್ನು, ಹಾಯಿಯ ಕಡೆಗೆ ತಳ್ಳಿ. ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ನೆತ್ತಿಯ ಮೇಲೆ ಹಾಯುವಾಗ ತಲೆ ತಗ್ಗಿಸಿ, ಇನ್ನೊಂದು ಬದಿಗೆ ಸರಿದು ಕುಳಿತು ಕೈ ಬದಲಿಸಿ. ಗಾಳಿಗೆ ಬೆನ್ನು ಮಾಡಿ ತಿರುಗುವ ‘ಜೈಬ್’ ಮಾತ್ರ ಸದ್ಯಕ್ಕೆ ಬೇಡ. ಆಗ ಬೂಮ್ ರಭಸದಿಂದ ಅತ್ತಿಂದಿತ್ತ ಬೀಸಿ ತಲೆಗೆ ಬಡಿಯಬಹುದು.

7. ಮಗುಚಿದರೆ ದೋಣಿ ಬಿಡಬೇಡಿ

ಒಂದಲ್ಲ ಒಂದು ದಿನ ದೋಣಿ ಮಗುಚುತ್ತದೆ. ದಡ ಹತ್ತಿರ ಕಂಡರೂ ಈಜಿ ಹೋಗಬೇಡಿ. ಕಲಿಕೆಯ ದೋಣಿ ಮಗುಚಿದರೂ ಮುಳುಗದೆ ತೇಲುತ್ತದೆ. ಜೊತೆಗಾರರು ಕ್ಷೇಮವೇ ಎಂದು ಕೂಗಿ ಖಚಿತಪಡಿಸಿಕೊಳ್ಳಿ, ಶೀಟ್ ಸಡಿಲಿಸಿ. ದೋಣಿಯ ತಳದಿಂದ ಚಾಚಿರುವ ಹಲಗೆಯ ಮೇಲೆ ಮೈಭಾರ ಹಾಕಿದರೆ ಹಾಯಿ ಮೆಲ್ಲಗೆ ನೀರಿನಿಂದ ಮೇಲೇಳುತ್ತದೆ. ಸುಸ್ತಾದರೆ ದೋಣಿ ಹಿಡಿದುಕೊಂಡು ರಕ್ಷಣಾ ಬೋಟ್‌ಗೆ ಕೈ ಬೀಸಿ. ಇದನ್ನು ತರಬೇತಿಯಲ್ಲೇ, ದಡದ ಸಮೀಪ, ಬೇಕೆಂದೇ ದೋಣಿ ಮಗುಚಿ ಅಭ್ಯಾಸ ಮಾಡಿಸುವಂತೆ ಕೇಳಿ. ಒಮ್ಮೆ ಎದ್ದು ಕುಳಿತವರ ಭಯ ಅರ್ಧಕ್ಕರ್ಧ ಇಳಿಯುತ್ತದೆ.

8. ಮನೆಯವರನ್ನೂ ಕರೆದುಕೊಂಡು ಹೋಗಿ

ಅಜ್ಜ ಚುಕ್ಕಾಣಿ ಹಿಡಿದು ಮೊಮ್ಮಗಳು ಮುಂದಿನ ಹಾಯಿ ನೋಡಿಕೊಳ್ಳಬಹುದಾದ ಆಟಗಳು ನಮ್ಮಲ್ಲಿ ಹೆಚ್ಚಿಲ್ಲ. ಇಲ್ಲಿ ಇಬ್ಬರೂ ಸಮಾನರು. ಒಬ್ಬರು ತಪ್ಪಿದರೆ ಇಬ್ಬರೂ ನೆನೆಯುತ್ತಾರೆ. ಆರಂಭದಲ್ಲಿ ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ನೀರಿನಲ್ಲಿರಬೇಡಿ. ದಣಿಯುವ ಮೊದಲೇ ದಡಕ್ಕೆ ಬಂದರೆ ಮರುವಾರ ಮತ್ತೆ ಹೋಗುವ ಆಸೆ ಉಳಿಯುತ್ತದೆ.

ಮಕ್ಕಳು ದೊಡ್ಡವರಾಗಲಿ, ನಿವೃತ್ತಿಯಾಗಲಿ ಎಂದು ಮುಂದೂಡಬೇಡಿ. ನಿವೃತ್ತಿಯಾಗಿದ್ದರೆ ಇನ್ನು ನಮಗೇಕೆ ಎಂದು ಹಿಂಜರಿಯಲೂ ಬೇಡಿ. ಈ ವಾರವೇ ಹತ್ತಿರದ ಕ್ಲಬ್‌ಗೊಂದು ಫೋನ್ ಮಾಡಿ, ತರಬೇತಿಗೆ ಹೆಸರು ಬರೆಸಿ.